ಅರ್ಧಕ್ಕಿಂತ ಕಡಿಮೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಪುಣ್ಯಾತ್ಮ ಲೂಯಿಸಿಯಾನಾದ ದಕ್ಷಿಣದ ತುದಿಗೆ ಬಂದವನಲ್ಲ. ಅಲ್ಲಿ ಮನೆ ಕಟ್ಟುವುದು ಒಂದು ಸಲದ ಕೆಲಸ, ರಿಪೇರಿ ಮಾಡಿಸುವುದು ಜನ್ಮವಿಡೀ ಮುಗಿಯದ ಕೆಲಸ. ಚಂಡಮಾರುತ ಬರುತ್ತದೆ, ನೆರೆ ನುಗ್ಗುತ್ತದೆ. ನೆಂದ ಹಲಗೆ ಗೋಡೆಗಳನ್ನು ಸೊಂಟದ ಮಟ್ಟಕ್ಕೆ ಕತ್ತರಿಸಿ ರಸ್ತೆಬದಿಗೆ ರಾಶಿ ಹಾಕುತ್ತಾರೆ, ಹೊಸದನ್ನು ಹೊಡೆಯುತ್ತಾರೆ. ಬಣ್ಣ ಆರುವಷ್ಟರಲ್ಲಿ ಇನ್ನೊಂದು ಗಾಳಿಗೆ ಹೆಸರಿಟ್ಟಾಗಿರುತ್ತದೆ.

ಆ ವರ್ಷದ ನೆರೆ ಇಳಿದ ಮೇಲೆ ರೋಷೆಲ್ ತನ್ನ ಮನೆಯ ರಿಪೇರಿಗೆ ಲೆಕ್ಕ ಹಾಕಲು ಕೂತಳು. ಮನೆಯಲ್ಲಿದ್ದವರು ಮೂವರು: ಅವಳು, ಸಿಗಡಿ ಹಿಡಿಯುವ ಅವಳ ಗಂಡ ನೋಲನ್, ಅವನ ತಾಯಿ ಓಡೀಲ್. ಓಡೀಲ್‌ಗೆ ಸೊಂಟ ಮುರಿದಾಗಿನಿಂದ ಊರುಗೋಲಿನ ಚೌಕಟ್ಟು ಹಿಡಿದು ನಾಲ್ಕು ಹೆಜ್ಜೆ ಇಡುವುದೇ ಕಷ್ಟ. ಆದರೆ ನಾಲಿಗೆಗೆ ಯಾವ ಊರುಗೋಲೂ ಬೇಕಿರಲಿಲ್ಲ. ಹೊಳೆಯ ಕಡೆಗಿನ ಜಗಲಿಯಲ್ಲಿ ಕೂತು ಹೋಗಿ ಬರುವ ದೋಣಿಗಳನ್ನೆಲ್ಲ ಕೂಗಿ ನಿಲ್ಲಿಸಿ, ಬೈದು, ಸುದ್ದಿ ಕಸಿದುಕೊಂಡು ಕಳಿಸುವುದೇ ಅವಳ ದಿನಚರಿ.

ಆ ಸೀಮೆಯಲ್ಲಿ ಒಂದು ನಿಯಮವಿದೆ. ನಷ್ಟ ಮನೆಯ ಬೆಲೆಯ ಅರ್ಧ ಮುಟ್ಟಿತೋ, ರಿಪೇರಿ ಮಾಡುವಾಗ ಇಡೀ ಮನೆಯನ್ನು ಕಂಬಗಳ ಮೇಲೆ, ನೆರೆಯ ಮಟ್ಟಕ್ಕಿಂತ ಎತ್ತರಕ್ಕೆ ಏರಿಸಲೇಬೇಕು. ಅರ್ಧಕ್ಕಿಂತ ಕಡಿಮೆಯಾದರೆ ಇದ್ದಲ್ಲೇ ರಿಪೇರಿ ಮಾಡಿಕೊಳ್ಳಬಹುದು. ಜೀವ ಉಳಿಯಲಿ ಎಂದು ಮಾಡಿದ ನಿಯಮ. ಆ ಜನಕ್ಕೆ ಮಾತ್ರ ಅದು ದಂಡ ಹಾಕಿದ ಹಾಗೆ ಕೇಳಿಸುತ್ತಿತ್ತು. ಸರ್ಕಾರ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು. ನಷ್ಟ ಅಳೆಯಲು ಸರ್ಕಾರಿ ಕಚೇರಿಯಿಂದ ಬರುವವನು ಊರಿನವನೇ ಆದ ಗ್ಲೆನ್, ನೋಲನ್‌ನ ಚಿಕ್ಕಪ್ಪನ ಮಗ. ಅವನನ್ನು ಕಚೇರಿಯಲ್ಲಿ ಯಾರೂ ಕಾಣುತ್ತಿರಲಿಲ್ಲ. ಮನೆಗೆ ಕರೆದು, ಏಡಿ ಬೇಯಿಸಿ ಹಾಕಿ, ಅವನು ಕೈ ತೊಳೆದ ಮೇಲೆ ಮಾತು ತೆಗೆಯುತ್ತಿದ್ದರು. ತಿನ್ನುವ ಮೊದಲೇ ಕೇಳುವುದು ಮರ್ಯಾದೆಯಲ್ಲ.

ರೋಷೆಲ್‌ಗೆ ಮನೆ ಎತ್ತಿಸಬೇಕೆಂಬ ಆಸೆ. ಎರಡು ಸಲ ಕೆಸರು ಬಾಚಿದ್ದಳು, ಮೂರನೆಯ ಸಲಕ್ಕೆ ಮೈಯಲ್ಲಿ ಕಸುವಿರಲಿಲ್ಲ.

"ಕಂಬದ ಮೇಲೆ ಕೂರಕ್ಕೆ ನಾನೇನು ಕೊಕ್ಕರೇನೇ?" ಎಂದಳು ಓಡೀಲ್. "ಪಕ್ಕದ್ಮನೆ ಕರ್ಟಿಸ್ ಮನೆ ಎತ್ತಿಸ್ದ. ಅವನ ಅವ್ವ ಏನಾದ್ಲು? ಮೇಲೆ ಹೋದೋಳು ಕೆಳಗಿಳಿದಿದ್ದು ಪೆಟ್ಟಿಗೇಲೇ."

"ಬಿಡ್ತು ಅನ್ನಿ ಅತ್ತೆ."

"ನೀನು ಬಿಡ್ತು ಅಂದ್ರೆ ಮೆಟ್ಲು ಕಮ್ಮಿ ಆಗುತ್ತಾ?"

"ಲಿಫ್ಟ್ ಹಾಕಿಸ್ಬೋದು," ಎಂದು ರೋಷೆಲ್ ಗಂಡನ ಮುಖ ನೋಡಿದಳು.

"ಅದರ ದುಡ್ಡಲ್ಲಿ ತಗಡಿನ ಮಾಡು, ಅಡುಗೆಮನೆ ಎರಡೂ ಆಗುತ್ತೆ," ಎಂದ ನೋಲನ್. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಕಣೆ."

"ಕಚೇರೀಲಿ ಒಂದು ಮಾತು ಕೇಳಿ ನೋಡೋಣ್ವಾ?"

"ನಾವು ಒಂದು ಕೇಳಿದ್ರೆ ಅವ್ರು ಹತ್ತು ಕೇಳ್ತಾರೆ. ಆಮೇಲೆ ಗ್ಲೆನ್ ಕೈಲೂ ಏನೂ ಆಗಲ್ಲ. ಸುಮ್ನಿರು."

ಗ್ಲೆನ್ ಬಂದ. ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಏಡಿ ಸುರಿದರು. ಅವನು ನಿಧಾನವಾಗಿ, ಒಂದು ಕಾಲೂ ಬಿಡದೆ ಹೀರಿ ಮುಗಿಸಿದ. ಕೈ ತೊಳೆದು ಗೋಡೆಗಳನ್ನು ಬಡಿದು ನೋಡಿದ, ನೆಲದ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟ. ನಷ್ಟ ಅರ್ಧ ದಾಟಿದೆ ಎನ್ನುವುದಕ್ಕೆ ಯಾರ ಸಾಕ್ಷಿಯೂ ಬೇಕಿರಲಿಲ್ಲ.

"ಎಷ್ಟು ಬರೀಲಿ ಅತ್ತಿಗೆ?" ಎಂದು ಕೇಳಿದ.

ಅವನು ನೋಲನ್‌ನನ್ನು ಕೇಳಲಿಲ್ಲ, ಅವಳನ್ನೇ ಕೇಳಿದ. ಮನೆಯ ಲೆಕ್ಕ ಯಾರ ಕೈಯಲ್ಲಿದೆ ಎಂದು ಅವನಿಗೆ ಗೊತ್ತು. ರೋಷೆಲ್ ಜಗಲಿಯ ಕಡೆ ನೋಡಿದಳು. ಓಡೀಲ್ ಕುರ್ಚಿ ತಿರುಗಿಸಿಕೊಂಡು ಅವಳನ್ನೇ ನೋಡುತ್ತಿದ್ದಳು. ಬಾಯಿ ಮಾಡಲಿಲ್ಲ, ತಮಾಷೆ ಮಾಡಲಿಲ್ಲ. ಆ ಹೆಂಗಸು ಹೆದರಿದ್ದನ್ನು ರೋಷೆಲ್ ಕಂಡದ್ದು ಅದೇ ಮೊದಲು.

"ಅರ್ಧಕ್ಕಿಂತ ಚೂರು ಕಮ್ಮಿ ಬರೀ," ಎಂದಳು.

ಮನೆ ನೆಲದ ಮೇಲೇ ಉಳಿಯಿತು. ಎತ್ತಿಸದೆ ಉಳಿದ ಹಣವನ್ನು ರೋಷೆಲ್ ಒಂದು ಕಾಸೂ ಪೋಲು ಮಾಡಲಿಲ್ಲ. ಗಾಳಿಗೆ ಕಿತ್ತುಹೋಗದ ತಗಡಿನ ಮಾಡು ಹಾಕಿಸಿದಳು, ಅತ್ತೆಯ ಚೌಕಟ್ಟು ಹಿಡಿಸುವಷ್ಟು ಬಾಗಿಲುಗಳನ್ನು ಅಗಲ ಮಾಡಿಸಿದಳು, ಬಚ್ಚಲಲ್ಲಿ ಹಿಡಿಕೆ ಹಾಕಿಸಿದಳು, ಅಡುಗೆಮನೆಗೆ ಕಲ್ಲಿನ ಕಟ್ಟೆ ಕೂರಿಸಿದಳು. ಓಡೀಲ್ ಆ ಕಟ್ಟೆಗೆ ಆತು ಬೆಂಡೆಕಾಯಿ ಹೆಚ್ಚುತ್ತ, "ನನ್ನ ಹೊಟ್ಟೇಲಿ ಹುಟ್ಟಿದೋನು ಮಾಡ್ದೇ ಇದ್ದಿದ್ದನ್ನ ನೀನು ಮಾಡ್ದೆ ಮಗಳೇ," ಎನ್ನುತ್ತಿದ್ದಳು. ಆ ಚಳಿಗಾಲ, ಆ ವಸಂತ, ರೋಷೆಲ್ ಸುಖವಾಗಿದ್ದಳು. ತಾನು ಮಾಡಿದ್ದು ಸರಿ ಎಂದೇ ನಂಬಿದ್ದಳು.

ಬೇಸಿಗೆ ಕಳೆಯುವ ಹೊತ್ತಿಗೆ ಕೊಲ್ಲಿಯಲ್ಲಿ ಒಂದು ಗಾಳಿ ಎದ್ದಿತು. ಪಡುವಣಕ್ಕೆ ಹೋಗುತ್ತದೆ, ಇಲ್ಲಿ ಬರೀ ಮಳೆ ಎಂದರು. ನೋಲನ್, ಎಲ್ಲ ಸಿಗಡಿಯವರ ಹಾಗೆ, ದೋಣಿಯನ್ನು ಹೊಳೆಯ ಮೇಲುಗಡೆ ಕಟ್ಟಿಹಾಕಲು ಹೋದ. ದೋಣಿ ಹೋದರೆ ಅನ್ನವೇ ಹೋದ ಹಾಗೆ.

"ಹೊರಡೋಣ ಅತ್ತೆ. ಬಟ್ಟೆ ತುಂಬಿಟ್ಟಿದೀನಿ," ಎಂದಳು ರೋಷೆಲ್.

"ಎಲ್ಲಿಗೆ? ಜನಾನ ತುಂಬೋ ಆ ಶಾಲೆಗಾ? ಹೋದ ಸಲ ಕಬ್ಬಿಣದ ಮಂಚದ ಮೇಲೆ, ಊರವರ ಎದುರಿಗೆ ಪಾತ್ರೇಲಿ ಒಂದಕ್ಕೆ ಕೂರಿಸಿದ್ರಿ. ಸಾಕಮ್ಮ."

"ನೀರು ಬಂದ್ರೆ?"

"ಮಾಡು ಹೊಸದು, ಗೋಡೆ ಹೊಸದು. ನಿಮಗೋಸ್ಕರಾನೇ ಮಾಡಿಸಿದ್ದು ಅತ್ತೆ ಅಂತ ನೀನೇ ಅಂದಿದ್ದೆ. ಈಗ ಇದನ್ನ ಬಿಟ್ಟು ಓಡು ಅಂತೀಯ. ಹಾಗಾದ್ರೆ ಯಾಕೆ ಮಾಡಿಸ್ದೆ?"

ರೋಷೆಲ್‌ಗೆ ತನ್ನ ಮಾತೇ ತಿರುಗುಬಾಣವಾಯಿತು. ಅತ್ತೆಯೊಬ್ಬಳನ್ನೇ ಬಿಟ್ಟು ಹೋಗುವ ಪೈಕಿಯಲ್ಲ ಅವಳು. ತುಂಬಿಟ್ಟ ಚೀಲ ಬಿಚ್ಚಿ ಅಕ್ಕಿ ತೊಳೆಯಲು ಹೋದಳು.

ಗಾಳಿ ದಿಕ್ಕು ಬದಲಿಸಿತು. ಬೆಳಗ್ಗೆ ನೀರು ಬಂದದ್ದು ಎದುರಿನ ಹೊಳೆಯಿಂದಲ್ಲ, ಹಿಂದಿನ ಜೌಗಿನಿಂದ. ಹಿತ್ತಲ ಬಾಗಿಲ ಸಂದಿಯಲ್ಲಿ ಮೊದಲು ಒಂದು ಎಳೆ, ನೋಡುನೋಡುತ್ತಿದ್ದಂತೆ ಮೊಣಕಾಲುದ್ದ. ಅಟ್ಟದ ಮಡಿಚುವ ಏಣಿಯನ್ನು ರೋಷೆಲ್ ಎಳೆದು ಬಿಟ್ಟಳು. ಓಡೀಲ್ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು, ಎರಡನೆಯದಕ್ಕೆ ಕಾಲು ಏಳಲೇ ಇಲ್ಲ. ರೋಷೆಲ್ ಕೆಳಗಿನಿಂದ ಹೆಗಲು ಕೊಟ್ಟು ನೂಕಿದಳು. ಇಬ್ಬರೂ ಜಾರಿ ನೀರಿಗೆ ಬಿದ್ದರು. ಕೊನೆಗೆ ಅತ್ತೆಯನ್ನು ಎಳೆದೊಯ್ದು, ಹೇಗೋ ಎತ್ತಿ, ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲೆ ಕೂರಿಸಿ, ಬೀಳದ ಹಾಗೆ ಸೊಂಟ ತಬ್ಬಿಕೊಂಡು ನಿಂತಳು. ಫ್ರಿಜ್ ಮಗುಚಿ ತೇಲಿತು. ಕಟ್ಟೆಯ ಮೇಲೂ ನೀರು ಹತ್ತಿತು.

ಓಡೀಲ್ ಮೊದಲು ಗಾಳಿಯನ್ನು ಬೈದಳು, ಆಮೇಲೆ ಮಗನನ್ನು.

"ನೀನು ಅಟ್ಟಕ್ಕೆ ಹತ್ತು," ಎಂದಳು.

"ಹತ್ತಲ್ಲ."

"ನಿಂಗೆ ಕಾಲಿದೆ, ಹತ್ತೇ ಮುಂಡೇದೇ!"

"ಸುಮ್ನಿರಿ ಅತ್ತೆ. ನನ್ನ ಗಟ್ಟಿಯಾಗಿ ಹಿಡ್ಕೊಳ್ಳಿ."

ಕಿಟಕಿಯಾಚೆ ಕರ್ಟಿಸ್‌ನ ಮನೆ ಕಂಬಗಳ ಮೇಲೆ ಮುಳುಗದೆ ನಿಂತಿತ್ತು. ಅಲ್ಲಿಂದ ಯಾರೋ ಕೈ ಬೀಸಿ ಕೂಗುತ್ತಿದ್ದರು. ನಡುವೆ ನೀರಿನ ಸೆಳೆತ, ಯಾರೂ ಇಳಿಯುವ ಹಾಗಿರಲಿಲ್ಲ. ಓಡೀಲ್‌ಳ ಮೈ ಗಂಟೆಗಟ್ಟಲೆ ನೀರಲ್ಲಿ ನೆನೆದು ನಡುಗುತ್ತಿತ್ತು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ರೋಷೆಲ್‌ಗೆ ಒಂದು ಕ್ಷಣ ಸಮಾಧಾನವೂ ಆಯಿತು, ಪಾಪ. ಅತ್ತೆಯ ತಲೆ ಅವಳ ಹೆಗಲ ಮೇಲೆ ಭಾರವಾಯಿತು. ಬೈಗುಳ ನಿಂತುಹೋದಾಗ ಅವಳಿಗೆ ಅರ್ಥವಾಯಿತು.

ನೋಲನ್ ಸಣ್ಣ ದೋಣಿಯಲ್ಲಿ ಬೇಲಿಯ ಮೇಲಿಂದಲೇ ಬಂದು ಕಿಟಕಿ ಒಡೆದು ಒಳಗಿಳಿದಾಗಲೂ ಅವಳು ಹಾಗೇ ನಿಂತಿದ್ದಳು. ಅವಳ ಬೆರಳುಗಳನ್ನು ಅವನು ಒಂದೊಂದಾಗಿ ಬಿಡಿಸಬೇಕಾಯಿತು.

ಮಣ್ಣು ಮಾಡಿಯಾಯಿತು. ಗ್ಲೆನ್ ಚರ್ಚಿನ ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲು ಎದ್ದು ಹೋದ. ನಷ್ಟ ಅಳೆಯಲು ಈ ಸಲ ಅವನು ಬರಲಿಲ್ಲ, ಬೇರೆ ಊರಿನ ಒಬ್ಬ ಹುಡುಗಿ ಬಂದಳು. ಅವಳಿಗೆ ಯಾರೂ ಏಡಿ ಬೇಯಿಸಲಿಲ್ಲ. ಬೇಯಿಸಲು ಒಲೆಯೂ ಇರಲಿಲ್ಲ. ಗೋಡೆಗಳ ಕಡೆ ಒಂದು ಸುತ್ತು ಹಾಕಿ ಬಂದಳು.

"ಅರ್ಧಕ್ಕಿಂತ ತುಂಬಾ ಜಾಸ್ತಿ ಇದೆ ಮೇಡಂ. ಮನೆ ಎತ್ತಿಸ್ಲೇಬೇಕು. ಅರ್ಜಿ ಹಾಕಿ, ಎತ್ತಿಸೋ ಖರ್ಚು ಬಹುಪಾಲು ಸರ್ಕಾರದಿಂದ್ಲೇ ಸಿಗುತ್ತೆ."

ನೋಲನ್ ಒಪ್ಪಿ ತಲೆಯಾಡಿಸಿದ.

"ಇನ್ನೊಂದು ವಿಷ್ಯ," ಎಂದಳು ಹುಡುಗಿ. "ಮನೇಲಿ ಮೆಟ್ಲು ಹತ್ತಕ್ಕಾಗದೇ ಇರೋರು ಯಾರಾದ್ರೂ ಇದಾರಾ? ಇದ್ರೆ ಲಿಫ್ಟ್ ಖರ್ಚೂ ಅದ್ರಲ್ಲೇ ಸೇರುತ್ತೆ. ನೀವು ಕೊಡ್ಬೇಕಾಗಿಲ್ಲ."

ನೋಲನ್ ಎದ್ದು ಹೊಳೆಯ ಕಡೆ ನಡೆದುಬಿಟ್ಟ.

"ಇದು ಈ ವರ್ಷ ಮಾಡಿದ ನಿಯಮಾನಾ?" ಎಂದು ಕೇಳಿದಳು ರೋಷೆಲ್.

"ಇಲ್ಲ ಮೇಡಂ, ಮುಂಚಿನಿಂದ್ಲೂ ಇದೆ. ಕಚೇರಿಗೆ ಬಂದು ಕೇಳೋರೇ ಕಮ್ಮಿ. ಯಾರಾದ್ರೂ ಇದಾರಾ?"

ರೋಷೆಲ್ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು.

"ಇಲ್ಲ," ಎಂದಳು. "ನಾವಿಬ್ರೇ. ಇಬ್ರಿಗೂ ಕಾಲು ಗಟ್ಟಿಯಾಗಿದೆ."