ಚಾಪೆ ಮಡಚುವ ಹೊತ್ತು

"ಇವತ್ತು ಚಾಪೆ ಮಡಚಾಕೆ ನೀವು ಸ್ವಲ್ಪ ಉಳ್ಕಳ್ರಿ," ಎಂದು ದಾಸಣ್ಣ ಹೇಳಿದಾಗ ಹನುಮಂತರಾಜು ಬಾಗಿಲ ಕಡೆ ನೋಡಿದ. ಪ್ರಾರ್ಥನೆ ಮುಗಿದು ಜನ ಒಬ್ಬೊಬ್ಬರಾಗಿ ಹೊರಗೆ ಹೋಗುತ್ತಿದ್ದರು. ಹೆಂಡತಿ ರಮ್ಯಾ ಆಗಲೇ ಲೋಟ ತೊಳೆಯಲು ನಲ್ಲಿಯ ಬಳಿ ಹೋಗಿದ್ದಳು. ನೆಪ ಹುಡುಕಿದ, ಸಿಗಲಿಲ್ಲ.

ಹಿರಿಯೂರಿನ ಆ ತಗಡಿನ ಪ್ರಾರ್ಥನಾಮಂದಿರಕ್ಕೆ ಅವನನ್ನು ಕರೆತಂದವಳು ರಮ್ಯಾ. ಎರಡನೆಯ ಗರ್ಭವೂ ನಿಲ್ಲದೆ ಹೋದ ಮೇಲೆ ಅವಳು ಇಲ್ಲಿಗೆ ಬರತೊಡಗಿದ್ದಳು. ಒಂದು ದಿನವಾದರೂ ಜೊತೆಗೆ ಬಾ ಎಂದು ಕಾಡಿದ್ದಕ್ಕೆ ಅವನು ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ತಲೆಯೆತ್ತಿದರೆ, ಎದುರಿಗೆ ಒಂದೇ ಕಾಲಿನ ದಾಸಣ್ಣ ಚಾಪೆ ಹಾಸುತ್ತಿದ್ದ. ಅವನನ್ನು ಗುರುತಿಸಲು ಹನುಮಂತರಾಜುವಿಗೆ ಅರೆಗಳಿಗೆಯೂ ಬೇಕಾಗಲಿಲ್ಲ.

ಎರಡು ವರ್ಷದ ಹಿಂದೆ, ಧರ್ಮಪುರದ ದಾರಿಯಲ್ಲಿ, ಸಂತೆಯ ಮಧ್ಯಾಹ್ನ. ಟ್ರ್ಯಾಕ್ಟರಿನ ತುಂಬ ಶೇಂಗಾ ಮೂಟೆ, ಹೊಟ್ಟೆಯಲ್ಲಿ ಎರಡು ಪ್ಯಾಕೆಟ್ ಸಾರಾಯಿ. ತಿರುವಿನಲ್ಲಿ ಸೈಕಲ್ಲು ಕಂಡದ್ದೇ ತಡವಾಯಿತು. ಇಳಿದು ನೋಡಿದಾಗ, ಚಕ್ರ ಹಾಯ್ದು ಕಾಲು ನುಜ್ಜಾಗಿದ್ದ ಮನುಷ್ಯ ಕಣ್ಣು ಬಿಟ್ಟುಕೊಂಡೇ ಇದ್ದ, ನೀರು ಕೇಳಿದ. ಹನುಮಂತರಾಜು ತನ್ನ ನೀರಿನ ಬಾಟಲಿಯಿಂದ ಎರಡು ಗುಟುಕು ಕುಡಿಸಿದ. ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಬಾಟಲಿಯನ್ನು ಅಲ್ಲೇ ಬಿಟ್ಟು ಟ್ರ್ಯಾಕ್ಟರ್ ಹತ್ತಿ ಓಡಿಸಿದ. ಯಾರಿಗೂ ಹೇಳಲಿಲ್ಲ, ರಮ್ಯಾಗೂ.

ಮಂದಿರದಲ್ಲಿ ದಾಸಣ್ಣನನ್ನು ಕಂಡ ಮೇಲಿನ ಎಂಟು ಭಾನುವಾರ ನರಕವಾದವು. ಬರದಿದ್ದರೆ ಯಾಕೆಂದು ರಮ್ಯಾ ಕೇಳುತ್ತಾಳೆ. ಬಂದರೆ ದಾಸಣ್ಣನ ಕಣ್ಣು. ಅವನಂತೂ ಪ್ರತಿವಾರ ಊಟ ಮಾಡಿಕೊಂಡು ಹೋಗಿ ಎನ್ನುತ್ತಿದ್ದ, ಬೇರೇನೂ ಇಲ್ಲ. ಆ ಸುಮ್ಮನಿರುವಿಕೆಯೇ ಹನುಮಂತರಾಜುವಿನ ನಿದ್ದೆ ತಿಂದಿತ್ತು. ಇವತ್ತು ಪಾಸ್ಟರು, ದೇವರು ತಡ ಮಾಡುತ್ತಾನೆಂದರೆ ಮರೆತಿದ್ದಾನೆಂದಲ್ಲ, ಒಬ್ಬನೂ ಕೆಟ್ಟುಹೋಗಬಾರದೆಂದು ಕಾಯುತ್ತಾನೆ ಎಂದು ಹೇಳುವಾಗ, ಅದು ತನಗೇ ಹಾಕಿದ ಬಲೆ ಎಂದು ಅವನಿಗೆ ಅನಿಸಿತ್ತು.

ಈಗ ಇಬ್ಬರೇ. ದಾಸಣ್ಣ ಗೋಡೆಗೆ ಒರಗಿ ಚಾಪೆಯ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಹನುಮಂತರಾಜು ಹಿಡಿದ. ನಾಲ್ಕನೆಯ ಚಾಪೆಯ ಹೊತ್ತಿಗೆ ಅವನಿಂದ ತಡೆದುಕೊಳ್ಳಲು ಆಗಲಿಲ್ಲ.

"ಆ ಟ್ರ್ಯಾಕ್ಟರ್ ಓಡ್ಸಿದ್ದು ನಾನೇ," ಎಂದ.

"ಗೊತ್ತೈತೆ," ಎಂದ ದಾಸಣ್ಣ. "ನೀವು ಒಳಗೆ ಬಂದ ದಿನವೇ ಗೊತ್ತಾತು."

ಪೊಲೀಸರಿಗೆ ಯಾಕೆ ಹೇಳಲಿಲ್ಲವೆಂದು ಹನುಮಂತರಾಜು ತೊದಲಿದ. ದಾಸಣ್ಣ ಕೈಯಲ್ಲಿದ್ದ ಚಾಪೆಯ ತುದಿಯನ್ನು ಕೆಳಗಿಟ್ಟ.

"ಸಿಟ್ಟು ಹೋಗೈತೆ ಅಂದ್ಕಬ್ಯಾಡ್ರಿ. ಬೆಳಿಗ್ಗೆ ಎದ್ದು ಕಾಲು ಹುಡುಕ್ತೀನಲ್ಲ, ಆವಾಗ ಬರ್ತೈತೆ. ಆದ್ರೆ ನಾನು ಕುಡ್ದು ಹೆಂಡ್ತಿ ಕೈ ಮುರಿದೋನು. ಹತ್ತು ವರ್ಷ ದೇವ್ರು ನನಗೆ ಕಾದ. ನೀವಾಗೇ ಹೇಳ್ಲಿ ಅಂತ ನಾನು ಎಂಟು ವಾರ ಕಾಯಬಾರ್ದಾ?"

ಹನುಮಂತರಾಜು ಚಾಪೆಯ ಮೇಲೆ ಕುಳಿತ. ಹೇಳಿಬಿಟ್ಟರೆ ಭಯ ಹೋಗುತ್ತದೆಂದುಕೊಂಡಿದ್ದ. ಹೋಗಲಿಲ್ಲ, ರಮ್ಯಾಳ ಕಡೆಗೆ ಮುಖ ತಿರುಗಿಸಿತು, ಅಷ್ಟೆ.

"ರಮ್ಯಮ್ಮಗೆ ಹೇಳಿದೀರಾ?" ಎಂದು ದಾಸಣ್ಣ ಕೇಳಿದ.

ಅವನು ಇಲ್ಲವೆಂದು ತಲೆಯಾಡಿಸಿದ.

"ಮೊದ್ಲು ಅಲ್ಲಿಗೆ ಹೋಗಾಣ. ಠಾಣೆಗೆ ನಾಳೆ. ಎರಡೂ ಕಡೆ ನಾನು ಬರ್ತೀನಿ."

ಹೊರಗೆ ಬೇವಿನ ಕೆಳಗಿನ ಕಲ್ಲುಬೆಂಚಿನ ಮೇಲೆ ರಮ್ಯಾ ಒದ್ದೆ ಕೈ ಒರೆಸಿಕೊಳ್ಳುತ್ತ ಕುಳಿತಿದ್ದಳು. ಇಬ್ಬರೂ ಒಟ್ಟಿಗೆ ಬರುವುದನ್ನು ಕಂಡು ನಗುತ್ತ ಸರಿದು ಜಾಗ ಮಾಡಿದಳು. ದಾಸಣ್ಣ ಕುಳಿತ. ಹನುಮಂತರಾಜು ಕೂರಲಿಲ್ಲ. ಬಿಸಿಲಿನಲ್ಲೇ ನಿಂತು, ಅವಳ ಹೆಸರು ಕರೆದ.