ಚಿತ್ರಕ್ಕೆ ಬಾಯಿಲ್ಲ

ಇನ್ನೊಬ್ಬರಿಂದ ಓದಿಸಿಕೊಳ್ಳುವುದು ಎಷ್ಟು ದಣಿವಿನ ಕೆಲಸ ಎಂಬುದು ಓದಿಸಿಕೊಂಡವರಿಗೇ ಗೊತ್ತು. ಓದುವವರ ಪುರುಸೊತ್ತು ಕಾಯಬೇಕು, ಅವರ ಆಕಳಿಕೆ ಕೇಳಬೇಕು, ಮೇಲೆ ಉಪಕಾರದ ಭಾರ ಬೇರೆ. ದಾವಣಗೆರೆಯ ಪಿ.ಜೆ. ಬಡಾವಣೆಯ ಪರಮೇಶ್ವರಪ್ಪನವರು ಆರು ವರ್ಷದಿಂದ ಇದನ್ನೇ ಮಾಡುತ್ತಿದ್ದರು.

ಅವರಿಗೆ ಐವತ್ತೆಂಟು. ಕಣ್ಣಿದ್ದಾಗ ಹಗಲು ಬಟ್ಟೆ ಅಂಗಡಿ ನೋಡಿಕೊಂಡು, ಶ್ರಾವಣ ಬಂತೆಂದರೆ ತಿಂಗಳಿಡೀ ಸಂಜೆ ಓಣಿಯ ಮಠದಲ್ಲಿ ಗುರುಪುರಾಣ ಓದುತ್ತಿದ್ದರು. ಮಠದ ಹಿರಿಯ ಗುರುಗಳ ಕಥೆ ಅದು, ಪದ್ಯದಲ್ಲಿದ್ದದ್ದು. ಅಚ್ಚಾಗಿ ಎಪ್ಪತ್ತು ವರ್ಷ ಕಳೆದು ಒಂದೇ ಪ್ರತಿ ಉಳಿದಿತ್ತು, ಅದೂ ಇವರ ಮನೆಯ ದೇವರ ಕೋಣೆಯಲ್ಲಿ. ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಹೋದ ಮೇಲೆ ಮಠದಲ್ಲಿ ಓದುವ ಜಾಗ ಬೇರೆಯವರಿಗೆ ಹೋಯಿತು. ಹೋಗಲಿ ಎಂದುಕೊಂಡರು. ಆದರೆ ಯಾರನ್ನೂ ಕರೆಯದೆ, ಒಬ್ಬನೇ ಕೂತು, ತಾನೇ ಓದಬೇಕು ಎಂಬ ಆಸೆ ಮಾತ್ರ ಹೋಗಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಹೆಂಡತಿ ಶಾಂತಕುಮಾರಿ ಓದಿ ಹೇಳುತ್ತಿದ್ದರು. ಬೆಳಿಗ್ಗೆ ಐದಕ್ಕೆ ಎದ್ದು ಒಲೆ ಮುಂದೆ ನಿಂತ ಹೆಂಗಸು. ಓದುತ್ತ ಓದುತ್ತ ದನಿ ಇಳಿಯುತ್ತಿತ್ತು, ನಡುವೆ ಒಂದೊಂದು ಪದ್ಯವೇ ಹಾರಿಹೋಗುತ್ತಿತ್ತು. ಪುರಾಣ ಅರ್ಧ ಬಾಯಿಪಾಠವಿದ್ದ ಪರಮೇಶ್ವರಪ್ಪನವರಿಗೆ ಅದು ತಿಳಿಯುತ್ತಿತ್ತು. ಸುಮ್ಮನಿರುತ್ತಿದ್ದರು.

1999ರ ಶ್ರಾವಣದಲ್ಲಿ ಅಣ್ಣನ ಮಗ ಬಕ್ಕೇಶ್ ಒಂದು ಸುದ್ದಿ ತಂದ. ಅವನದು ಕಂಪ್ಯೂಟರ್ ಸೆಂಟರ್.

“ಚಿಕ್ಕಪ್ಪ, ಗುರುಪುರಾಣನ ಇಂಟರ್ನೆಟ್ಟಿಗೆ ಹಾಕೀನಿ. ಇನ್ನು ಯಾರು ಬೇಕಾದ್ರೂ ಓದಬಹುದು.”

“ನಾನೂ ಓದಬಹುದಾ?”

ಬಕ್ಕೇಶ್ ಸ್ವಲ್ಪ ತಡವರಿಸಿದ. “ನೀವು ಚುಕ್ಕಿ ಅಕ್ಷರ ಕಲಿಯಾಕ ಹರಿಹರದ ಶಾಲೆಗೆ ಹೋಗ್ತೀರಲ್ಲ, ಅಲ್ಲಿ ಓದಿ ಹೇಳೋ ಕಂಪ್ಯೂಟರ್ ಬಂದೈತಂತೆ. ಹೋಗಿ ನೋಡಾನ ನಡೀರಿ.”

ಹೌದು, ವರ್ಷದಿಂದ ಪ್ರತಿ ಭಾನುವಾರ ಅವರು ಹರಿಹರದ ಅಂಧ ಮಕ್ಕಳ ಶಾಲೆಗೆ ಬಸ್ಸಿನಲ್ಲಿ ಹೋಗಿ, ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಕಲಿಯುತ್ತಿದ್ದರು. ಕಲಿತರೂ ಅವರಿಗೆ ಬೇಕಾದ ಪುಸ್ತಕವೇ ಬ್ರೈಲಿನಲ್ಲಿ ಇರಲಿಲ್ಲ. ಈ ಸಲ ಅಣ್ಣ ವಾಮದೇವಪ್ಪನವರೂ ಜೊತೆಗೆ ಹೊರಟರು. ಅವರು ಮಠದ ಕಮಿಟಿ ಅಧ್ಯಕ್ಷರು. ತಮ್ಮ ಮಠದ ಪುರಾಣವನ್ನು ಯಂತ್ರ ಓದುವುದನ್ನು ಕೇಳುವ ಹುಮ್ಮಸ್ಸು ಅವರಿಗೆ.

ಶಾಲೆಯ ಟೀಚರ್ ಆಶಾ ಗುತ್ತೂರಿನವರು, ಹುಟ್ಟಿನಿಂದಲೇ ಕಣ್ಣಿಲ್ಲ. “ಬರ್ರಿ ಯಜಮಾನ್ರೆ, ಕೂಡ್ರಿ,” ಎಂದು ಕಂಪ್ಯೂಟರಿನ ಮುಂದೆ ಕೂತರು. ಫೋನ್ ಲೈನು ಮೂರು ಸಲ ಕಡಿದು ನಾಲ್ಕನೇ ಸಲ ಹತ್ತಿತು. ಪರಮೇಶ್ವರಪ್ಪನವರು ಕುರ್ಚಿ ಮುಂದಕ್ಕೆಳೆದುಕೊಂಡು ಕಿವಿಗೊಟ್ಟರು.

ಯಂತ್ರ ಇಂಗ್ಲಿಷಿನಲ್ಲಿ ‘ಚಿತ್ರ’ ಎಂದಿತು. ಮುಂದಿನ ಪುಟಕ್ಕೂ ‘ಚಿತ್ರ’. ಅದರ ಮುಂದಿನದಕ್ಕೂ ಅದೇ.

“ಏನ್ ಹಾಕೀಯಪ್ಪ ಇದು?” ಎಂದು ಆಶಾ ಕೇಳಿದರು.

“ಪುಟಗಳ ಫೋಟೊ ಟೀಚರ್. ಅಪ್ಪ ಪುಸ್ತಕದ ಪೂಜೆ ಮಾಡಿ, ಒಂದೊಂದು ಪುಟಕ್ಕೂ ಸುತ್ತ ಪತ್ರೆ, ಹೂವು ಇಟ್ಟು ಕೊಟ್ರು. ಎಲ್ಲಾ ಹಂಗೇ ತೆಗೆದು ಹಾಕೀನಿ.”

“ನೋಡಾಕ ಚೆಂದ ಇರಬೇಕು. ಆದ್ರೆ ಚಿತ್ರಕ್ಕೆ ಬಾಯಿಲ್ಲ. ಪುಟದ ಫೋಟೊದಾಗೆ ಅಕ್ಷರ ಐತೆ ಅಂತ ಯಂತ್ರಕ್ಕೆ ತಿಳಿಯಲ್ಲ. ಪದ್ಯನ ಟೈಪ್ ಮಾಡಿ ಹಾಕಿದ್ರೆ ಓದಿ ಹೇಳುತ್ತೆ. ಚುಕ್ಕಿ ಒತ್ತೋ ಯಂತ್ರಾನೂ ಇಲ್ಲೈತೆ. ಹಾಳೆ ಮೇಲೆ ಒತ್ತಿ ಕೊಡ್ತೀನಿ, ಮನೆಗೆ ಒಯ್ದು ಓದಬಹುದು.”

“ಹಂಗಾದ್ರೆ ಕನ್ನಡದಾಗೆ ಟೈಪ್ ಮಾಡ್ಸಾನ ಬಿಡ್ರಿ,” ಎಂದರು ವಾಮದೇವಪ್ಪ.

“ಇಲ್ಲಿರೋ ಯಂತ್ರಕ್ಕೆ ಕನ್ನಡ ಲಿಪಿ ಬರಲ್ರಿ. ಮಾತು ಕನ್ನಡದ್ದೇ, ಅಕ್ಷರ ಮಾತ್ರ ಇಂಗ್ಲಿಷಿಂದು ಹಾಕಬೇಕು.”

“ಗುರುಗಳ ಮಾತಿಗೆ ಇಂಗ್ಲಿಷ್ ಅಕ್ಷರವಾ? ಬ್ಯಾಡ ಬ್ಯಾಡ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತಾಯಿತು. ಆಶಾ ಮಾತ್ರ ದನಿ ಏರಿಸಲಿಲ್ಲ. ಇಂಥ ಅಧ್ಯಕ್ಷರು ಅವರಿಗೆ ಹೊಸಬರಲ್ಲ.

“ನಿಮ್ಮ ಫೋಟೊ ಅಲ್ಲೇ ಇರ್ಲಿ ಯಜಮಾನ್ರೆ. ಕಣ್ಣಿದ್ದೋರು ನೋಡ್ಲಿ. ಅದರ ಪಕ್ಕದಾಗೆ ನಮಗೂ ಒಂದೀಟು ಜಾಗ ಕೊಡ್ರಿ. ಒಬ್ರು ಒಂದ್ಸಲ ಟೈಪ್ ಮಾಡಿ ಅಲ್ಲಿಟ್ರೆ ಸಾಕು, ಯಾವ ಊರಾಗಿದ್ರೂ ನಮ್ಮಂಥೋರು ಅಲ್ಲಿಂದಾನೇ ತಗೊಂತಾರೆ. ಇರೋ ಒಂದು ಪುಸ್ತಕ ನಿಮ್ಮ ದೇವರ ಕೋಣೆ ಬಿಟ್ಟು ಕದಲೋದೂ ಬ್ಯಾಡ.”

ಚುಕ್ಕಿ ಅಕ್ಷರ ಹೇಗಿರುತ್ತದೆ ಎಂದು ತೋರಿಸಲು ಅವರು ಒಂದು ಬ್ರೈಲ್ ಹಾಳೆ ತೆಗೆದು, ಎರಡೂ ಕೈ ಇಟ್ಟು ಓದಿದರು. ವಾಮದೇವಪ್ಪನವರ ಹೊಸ ತಕರಾರು ಅಲ್ಲಿಂದಲೇ ಎದ್ದಿತು.

“ಎಡಗೈ ಯಾಕ ಇಟ್ಟೆಯಮ್ಮ?”

“ಬಲಗೈ ಅಕ್ಷರ ಓದಿದ್ರೆ ಎಡಗೈ ಮುಂದಿನ ಸಾಲು ಹುಡುಕಿ ಇಟ್ಟಿರುತ್ತೆ. ಅದಿಲ್ಲದಿದ್ರೆ ನಂಗೆ ಸಾಲು ತಪ್ಪುತ್ತೆ.”

“ಪುರಾಣಕ್ಕೆ ಎಡಗೈ ತಾಗಿಸೋ ಹಂಗಿಲ್ಲ. ಪುಟ ತಿರುವಾಕೂ ಬಲಗೈನೇ. ನಮ್ಮ ಮನೆತನದ ಕಟ್ಟಳೆ ಅದು. ನಡಿಯೋ ಪರಮೇಶಿ, ಆಗೋ ಮಾತಲ್ಲ ಇದು.”

ಪರಮೇಶ್ವರಪ್ಪನವರು ಹುಟ್ಟಿದಾಗಿನಿಂದ ಅಣ್ಣನಿಗೆ ಎದುರಾಡಿದವರಲ್ಲ. ಎದ್ದು ಹೊರಡಬೇಕಿತ್ತು. ಆದರೆ ಎದ್ದರೆ ಮತ್ತೆ ಅದೇ ಸಂಜೆ, ಅದೇ ಆಕಳಿಕೆ, ಸಾಯುವ ತನಕ. ಏಳಲು ಮನಸ್ಸಾಗಲಿಲ್ಲ.

“ಅಣ್ಣಾ, ಮುಂಜಾನೆ ಪೂಜೆಗೆ ಕೂತಾಗ ಲಿಂಗನ ಯಾವ ಕೈಯಾಗೆ ಇಟ್ಕೊಂತೀಯ?” ಎಂದು ಕೇಳಿದರು.

ಬೆಳ್ಳಿ ಸರಪಣಿಯ ಸಣ್ಣ ಸದ್ದು ಕೇಳಿತು. ಅಣ್ಣ ಎದೆಯ ಮೇಲಿನ ಇಷ್ಟಲಿಂಗದ ಕರಡಿಗೆ ಮುಟ್ಟಿಕೊಂಡಿರಬೇಕು.

“ಎಡಗೈಯಾಗೆ,” ಎಂದರು ವಾಮದೇವಪ್ಪ.

“ದೇವರನ್ನೇ ಹೊತ್ತ ಕೈ ಅದು. ಗುರುಗಳ ಮಾತು ಮುಟ್ಟಬಾರದಾ? ನಂಗೆ ಸಾಕಾಗೈತಣ್ಣಾ. ಆರು ವರ್ಷ ಆತು, ಇನ್ನೊಬ್ರ ಬಾಯಿ ಕಾಯ್ಕೊಂಡು ಕೂತು.”

ತಮ್ಮನ ದನಿಯಲ್ಲಿ ಸಿಟ್ಟಿದ್ದರೆ ವಾಮದೇವಪ್ಪ ಜಗಳಕ್ಕೆ ನಿಲ್ಲುತ್ತಿದ್ದರೇನೋ. ಬರೀ ದಣಿವಿತ್ತು. ಅವರು ಮಗನ ಕಡೆ ತಿರುಗಿದರು.

“ಟೈಪ್ ಮಾಡೋ ಬಕ್ಕೇಶಾ.”

ಕೆಲಸ ದೀಪಾವಳಿ ದಾಟಿತು. ಬಕ್ಕೇಶ್ ಟೈಪ್ ಮಾಡಿದ್ದನ್ನು ಆಶಾ ಯಂತ್ರದ ಬಾಯಲ್ಲಿ ಕೇಳಿ ತಪ್ಪು ಹುಡುಕುತ್ತಿದ್ದರು. ಯಂತ್ರದ ಕನ್ನಡವೋ, ಹಳೇ ಕಾಲದ ಬಿಳಿ ದೊರೆ ಪುರಾಣ ಹೇಳಿದಂತಿತ್ತು. ಆದರೂ ಅರ್ಥವಾಗುತ್ತಿತ್ತು. ಕೊನೆಗೆ ಇಂಟರ್ನೆಟ್ಟಿನಲ್ಲಿ ಹೂವಿನ ಚಿತ್ರಗಳ ಪಕ್ಕದಲ್ಲೇ ಟೈಪ್ ಮಾಡಿದ ಪುರಾಣವೂ ಬಂದು ಕೂತಿತು. ಮೊದಲ ಮೂವತ್ತು ಬ್ರೈಲ್ ಹಾಳೆಗಳನ್ನು ವಾಮದೇವಪ್ಪನವರೇ ಹರಿಹರದಿಂದ ಮಡಿಲಲ್ಲಿಟ್ಟುಕೊಂಡು ತಂದರು.

ಆ ಸಂಜೆ ಶಾಂತಕುಮಾರಿ ಎಂದಿನಂತೆ ಬಂದು, “ಓದ್ಲೇನ್ರೀ?” ಎಂದರು.

“ಬ್ಯಾಡ, ಕೂಡು. ಇವತ್ತು ನಾನು ಓದ್ತೀನಿ.”

ಬೆರಳು ದಪ್ಪ, ಕಲಿಕೆ ಹೊಸದು. ಒಂದು ಪದ್ಯಕ್ಕೆ ಹತ್ತು ನಿಮಿಷ ಹಿಡಿಯಿತು. ಮೂರನೆಯ ಪದ್ಯ ಮುಗಿದಾಗ ಶಾಂತಕುಮಾರಿ ಮೆಲ್ಲಗೆ ಹೇಳಿದರು.

“ಇದನ್ನ ನಾನು ಬಿಟ್ಟುಬಿಡ್ತಿದ್ದೆ.”

“ನಂಗೊತ್ತಿತ್ತು.”

“ಮತ್ತೆ ಯಾಕ ಹೇಳ್ಲಿಲ್ಲ?”

“ನೀನು ದಣಿದಿರ್ತಿದ್ದೆ.”

ಶಾಂತಕುಮಾರಿ ಗೋಡೆಗೆ ಒರಗಿದಲ್ಲೇ ನಿದ್ದೆ ಹೋದರು. ಅವರ ಉಸಿರು ಕೇಳುತ್ತ ಪರಮೇಶ್ವರಪ್ಪನವರು ಎಡಗೈಯಿಂದ ಮುಂದಿನ ಸಾಲು ಹುಡುಕಿಕೊಂಡರು.

ಇದನ್ನು ಕಣ್ಣಿನಿಂದ ಓದುತ್ತಿರುವವರೇ, ನಿಮ್ಮ ಮಠದ, ಗುಡಿಯ, ಮಸೀದಿಯ, ಚರ್ಚಿನ ಪುಸ್ತಕವನ್ನು ಇಂಟರ್ನೆಟ್ಟಿಗೆ ಹಾಕುವುದಾದರೆ ಬರೀ ಚಿತ್ರ ಹಾಕಿ ಕೈ ತೊಳೆದುಕೊಳ್ಳಬೇಡಿ. ಟೈಪ್ ಮಾಡಿ ಅಕ್ಷರವನ್ನೂ ಹಾಕಿ. ಹಾಕಿದ ಮೇಲೆ ಕಣ್ಣು ಕಾಣದ ಒಬ್ಬರನ್ನು ಕೂರಿಸಿ, ಓದಲಿಕ್ಕೆ ಬಂತೇ ಎಂದು ಕೇಳಿ. ಅವರೂ ಯಾರನ್ನೂ ಕರೆಯದೆ ಒಬ್ಬರೇ ಕೂತು ಓದಿಕೊಳ್ಳಲಿ. ಆರು ವರ್ಷ ಓದಿ ಹೇಳಿ ದಣಿದವರೂ ಒಂದು ಗಳಿಗೆ ಕಣ್ಣು ಮುಚ್ಚಲಿ.