ಸದ್ದಿಲ್ಲದ ಜಾಗ ತೋರಿಸುತ್ತಿದ್ದ ಟಾಂಗಾ

ನಾನು ವಿಜಯಪುರದ ಒಂದು ಟಾಂಗಾ. ಹುಟ್ಟಿದ್ದು ಈರಣ್ಣ ಬಡಿಗೇರನ ಕೈಯಲ್ಲಿ. ಗಾಲಿಗೆ ಜಾಲಿ ಕಟ್ಟಿಗೆ, ಮೈಗೆ ಸಾಗವಾನಿ. ಅಂದಿನಿಂದ ಓಡಿದ್ದೇ ಓಡಿದ್ದು. ದಣಿವು ಕಟ್ಟಿಗೆಗೂ ಆಗುತ್ತದೆ, ನಂಬುವವರು ನಂಬಿ.

ನನ್ನನ್ನು ಕೊಂಡವನು ಖಾಜೇಸಾಬ. ಅವನ ಮುಖ ನಾನು ನೋಡಿದ್ದು ಕಡಿಮೆ. ಪಾದ ಗೊತ್ತು, ಭಾರ ಗೊತ್ತು. ಬಸ್‌ ಸ್ಟ್ಯಾಂಡಿನಲ್ಲಿ ಊರಿಗೆ ಹೊಸಬರು ಇಳಿದರೆ ಉಳಿದ ಟಾಂಗಾದವರು ನೆಟ್ಟಗೆ ಗೋಳಗುಮ್ಮಟಕ್ಕೆ ಹೊಡೆಯುತ್ತಿದ್ದರು. ಇವನದು ಬೇರೆಯೇ ಹಟ.

"ಗೋಳಗುಮ್ಮಟ ಎಲ್ಲಿಗೂ ಓಡಿ ಹೋಗೂದಿಲ್ರಿ. ಅಲ್ಲಿ ಮಂದಿ ಬರೇ ಕೂಗತಾರ. ಮೊದಲ ಸದ್ದಿಲ್ಲದ ಜಾಗಾ ನೋಡ್ರಿ, ಕಿವಿ ತಣ್ಣಗಾಗಲಿ."

ಗಿಳಿಗಳು ಗೂಡು ಕಟ್ಟಿದ ಪಾಳು ಮಸೀದಿ, ಹೆಸರಿಲ್ಲದ ಗೋರಿಗಳ ಪಕ್ಕದ ಬೇವಿನ ನೆರಳು, ಕೊನೆಗೆ ಓಣಿಯೊಂದರ ಹಿಂದೆ ಮೆಟ್ಟಿಲಿಳಿದು ಹೋಗುವ ಹಳೆಯ ಬಾವಿ, ನಮ್ಮ ಕಡೆಯ ಮಾತಿನಲ್ಲಿ ಬಾವಡಿ. ನನ್ನನ್ನು ದಂಡೆಯ ಮೇಲೆ ನಿಲ್ಲಿಸಿ ಪ್ರತಿಸಲ ಒಂದೇ ಮಾತು: "ಕೆಳಗ ನೋಡ್ರಿ, ಕಮಾನು ನೀರಾಗ ತಲಿಕೆಳಗಾಗಿ ನಿಂತೈತಿ." ಬಂದವರು ಬಗ್ಗಿ ನೋಡಿ ಸುಮ್ಮನಾಗುತ್ತಿದ್ದರು. ಅವನಿಗೆ ಅದೇ ಖುಷಿ.

ಎಷ್ಟೋ ವರ್ಷಗಳ ಮೇಲೆ ಒಂದು ದಿನ ಅವನ ಕಾಲು ನನ್ನನ್ನು ಹತ್ತುವ ಪಾವಟಿಗೆಯನ್ನು ತಡಕಾಡಿತು. ಮರುದಿನವೂ ತಡಕಾಡಿತು. ಅವನ ಕಣ್ಣಿಗೆ ಮಸುಕು ಬೆಳಕೊಂದೇ ಉಳಿದಿತ್ತು. ಕುದುರೆ ಚಾಂದನಿಗೆ ದಾರಿ ಬಾಯಿಪಾಠ. ಅವನು ಲಗಾಮು ಹಿಡಿದು ಕೂರುತ್ತಿದ್ದ, ಅಷ್ಟೆ. ಯಾರಿಗಾದರೂ ತಿಳಿದರೆ ಟಾಂಗಾ ಬಿಡಬೇಕು, ಮನೆಯ ಮೂಲೆ ಹಿಡಿಯಬೇಕು. ಬಲ್ಲವರು ನಾನು, ಚಾಂದನಿ ಇಬ್ಬರೇ. ಪಾಪ ಅನಿಸುತ್ತಿತ್ತು. ಸುಮ್ಮನಿದ್ದೆ.

ಹೀಗೇ ಎರಡು ವರ್ಷ ನಡೆಯಿತು. ಆಮೇಲೊಂದು ಬೆಳಿಗ್ಗೆ ದಾವಣಗೆರೆಯ ಟೀಚರ್ ವಿಶಾಲಾಕ್ಷಿ ಹತ್ತಿದರು. ಬಾವಡಿಯ ದಂಡೆಯಲ್ಲಿ ಖಾಜೇಸಾಬ ಎಂದಿನಂತೆ ಕೈ ಚಾಚಿ ನೀರೊಳಗಿನ ಕಮಾನು ತೋರಿಸಿದ. ಹೂಳೆತ್ತಲೆಂದು ನೀರನ್ನೆಲ್ಲ ಹೊರಹಾಕಿ ಆಗಲೇ ನಾಲ್ಕು ದಿನವಾಗಿತ್ತು.

"ಅಜ್ಜಾ, ನೀರೇ ಇಲ್ಲವಲ್ಲ. ಬರೀ ಕೆಸರು," ಎಂದ ಟೀಚರ್, ಅವನ ಮುಖ ನೋಡಿ, "ನಿಮಗೆ ಕಣ್ಣು ಕಾಣಿಸಲ್ವಾ?" ಎಂದರು.

"ಯಾರ ಮುಂದೂ ಅನಬ್ಯಾಡ್ರಿ ಅಕ್ಕಾರ."

ಅವರು ಬೈಯಲಿಲ್ಲ, ಆಟೋ ಹುಡುಕಲಿಲ್ಲ. ಮುಂದೆ ಬಂದು ಅವನ ಪಕ್ಕ ಕೂತರು. "ನಾನು ಹೇಳ್ತಾ ಹೋಗ್ತೀನಿ, ನೀವು ಹೊಡೀರಿ." ನಾನು ರಸ್ತೆಗೆ ಹೊರಳಿದೆ, ಅವರು ಕಂಡದ್ದನ್ನೆಲ್ಲ ಹೇಳತೊಡಗಿದರು.

"ಎಡಕ್ಕೆ ಎಮ್ಮೆ ಮಲಗಿದೆ. ಅಜ್ಜಿಯೊಬ್ಬರು ಕೊಡ ಹೊತ್ತು ದಾಟ್ತಿದಾರೆ. ಇಬ್ಬರು ಪುಟ್ಟ ಹುಡುಗೀರು ಕೈ ಕೈ ಹಿಡ್ಕೊಂಡು... ನಿಲ್ಸಿ, ನಿಲ್ಸಿ!"

ಖಾಜೇಸಾಬ ಲಗಾಮು ಜಗ್ಗಿದ.

"ಇವರೆಲ್ಲಾ ದಿನಾ ಅಡ್ಡ ಬರತಿದ್ರೇನ್ರಿ?"

"ಬರ್ತಿದ್ರು ಅನ್ಸುತ್ತೆ, ಅಜ್ಜಾ."

"ಇವರ ಕಾಲಿಂದು ಸಪ್ಪಳನ ಇಲ್ಲಲ್ರೀ!"

ಅಲ್ಲೇ ನಡುರಸ್ತೆಯಲ್ಲಿ ಇಳಿದುಬಿಟ್ಟ. ಚಾಂದನಿಯ ಕಡಿವಾಣ ಹಿಡಿದು ಮನೆತನಕ ನಡೆದೇ ಹೋದ. ಟೀಚರ್ ಅವನ ತೋಳು ಹಿಡಿದು ಜೊತೆಗೇ ನಡೆದರು. ಆ ದಿನ ಅವರು ಗೋಳಗುಮ್ಮಟ ನೋಡಲಿಲ್ಲ. ಅವನು ಮತ್ತೆಂದೂ ನನ್ನ ಮೇಲೆ ಹತ್ತಲಿಲ್ಲ.

ಈಗ ಒಂದು ಹೋಟೆಲಿನ ಅಂಗಳದಲ್ಲಿದ್ದೇನೆ. ಗಾಲಿಗೆ ಕೆಂಪು ಬಣ್ಣ ಬಳಿದಿದ್ದಾರೆ. ಹೊಸಬರು ಬಂದು ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಎದ್ದು ಓಡುವ ಆಸೆಯಿಲ್ಲ. ಅಂದೇ ನಾನು ಒಂದು ಮೊಳೆ ಸಡಿಲಿಸಿಕೊಂಡು ಗಾಲಿ ಕಳಚಿಕೊಂಡಿದ್ದರೆ ಅವನು ಎರಡು ವರ್ಷ ಮೊದಲೇ ನಿಲ್ಲುತ್ತಿದ್ದ. ಮಾಡಲಿಲ್ಲ. ಅದನ್ನು ನಿಷ್ಠೆ ಅಂದುಕೊಂಡಿದ್ದೆ. ಆ ಮಕ್ಕಳು ಅವನಿಗೆ ಕಾಣುತ್ತಿರಲಿಲ್ಲ, ಸರಿ. ಅವನಿಗೆ ಕಾಣುವುದಿಲ್ಲವೆಂದು ನನಗೆ ಗೊತ್ತಿತ್ತು.